ಅಮೆರಿಕದ ಇನ್ವೆಸ್ಟರ್ ವೀಸಾ: ಏಜೆಂಟ್ ಕೈಗೆ ಅಡ್ವಾನ್ಸ್ ಕೊಡುವ ಮೊದಲು

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಕಾಯಿ ವ್ಯಾಪಾರ. ಅಪ್ಪನ ಕಾಲದಿಂದ ದಲಾಲಿ ಅಂಗಡಿ ಇದೆ. ಈಗ ನಾನು ಮತ್ತು ತಮ್ಮ ಸೇರಿ ಖಾರದ ಪುಡಿ ಮಾಡಿ ಎರಡು ವರ್ಷದಿಂದ ನ್ಯೂಜೆರ್ಸಿಗೆ ಕಳಿಸುತ್ತಿದ್ದೇವೆ. ಅಲ್ಲೇ ಒಂದು ಗೋದಾಮು ಮಾಡಿ ಕೂತರೆ ವ್ಯಾಪಾರ ಬೆಳೆಯುತ್ತದೆ ಅನ್ನಿಸಿದೆ. ಹುಬ್ಬಳ್ಳಿಯ ಏಜೆಂಟ್ ಒಬ್ಬರು "ಇ-2 ಇನ್ವೆಸ್ಟರ್ ವೀಸಾ ಮಾಡಿಸಿ ಕೊಡುತ್ತೇನೆ, 3 ಲಕ್ಷ ಅಡ್ವಾನ್ಸ್ ಕೊಡಿ" ಎಂದಿದ್ದಾರೆ. ನಮ್ಮ ದೊಡ್ಡಪ್ಪನ ಮಗ ಕೆನಡಾದ ಪೌರ. ಅವನನ್ನು ಪಾಲುದಾರ ಮಾಡಿಕೊಂಡರೆ ನನಗೂ ವೀಸಾ ಸಿಗುತ್ತದಾ?
ಒಬ್ಬ ಓದುಗ, ಬ್ಯಾಡಗಿ

ಉತ್ತರ: ಕೊಡಬೇಡಿ. 3 ಲಕ್ಷ ಅಲ್ಲ, 3 ಸಾವಿರವನ್ನೂ ಕೊಡಬೇಡಿ.

ಇ-1 ಅಂದರೆ ವ್ಯಾಪಾರಿಗಳ ವೀಸಾ, ಇ-2 ಅಂದರೆ ಬಂಡವಾಳ ಹಾಕುವವರ ವೀಸಾ. ಎರಡೂ ಅಮೆರಿಕದ ಜೊತೆ ಅದಕ್ಕೆಂದೇ ಒಪ್ಪಂದ ಇರುವ ದೇಶಗಳ ಪ್ರಜೆಗಳಿಗೆ ಮಾತ್ರ. ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾದವರಿಗೆ ಇ-2 ಇದೆ. ಭಾರತಕ್ಕೆ ಆ ಒಪ್ಪಂದವೇ ಇಲ್ಲ. ಹಾಗಾಗಿ ನಿಮ್ಮ ವ್ಯಾಪಾರ ಎಷ್ಟೇ ದೊಡ್ಡದಿರಲಿ, ಬ್ಯಾಂಕಿನಲ್ಲಿ ಎಷ್ಟೇ ಕೋಟಿ ಇರಲಿ, ಭಾರತದ ಪಾಸ್‌ಪೋರ್ಟ್ ಮೇಲೆ ಅದು ಸಿಗುವುದಿಲ್ಲ. ಇದು ಯಾರ ಕೈಯಲ್ಲೂ ಸಡಿಲ ಆಗುವ ನಿಯಮ ಅಲ್ಲ.

ಏಜೆಂಟ್ ಮುಂದೆ ಏನು ಹೇಳಬಹುದು ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ಹೋದ ವರ್ಷ ಎಪಿಎಂಸಿಯ ಒಬ್ಬ ವ್ಯಾಪಾರಿ ಇದೇ ಮಾತು ಕೇಳಿ ನನ್ನ ಹತ್ತಿರ ಬಂದಿದ್ದರು. "ಮೊದಲು ಗ್ರೆನಡಾದ ಪೌರತ್ವ ಕೊಂಡುಕೊಳ್ಳಿ, ಆ ದೇಶಕ್ಕೆ ಇ-2 ಇದೆ" ಅನ್ನುತ್ತಾರೆ. ಹಿಂದೆ ಹೀಗೆ ನಡೆಯುತ್ತಿತ್ತು, ಸುಳ್ಳಲ್ಲ. ಆದರೆ 2022ರ ಡಿಸೆಂಬರ್‌ನಲ್ಲಿ ಅಮೆರಿಕ ಕಾನೂನು ಬದಲಿಸಿತು. ದುಡ್ಡು ಹಾಕಿ ಪೌರತ್ವ ಪಡೆದವರು ಈಗ ಆ ದೇಶದಲ್ಲೇ ಕನಿಷ್ಠ 3 ವರ್ಷ ಸತತವಾಗಿ ನೆಲೆಸಿರಬೇಕು, ಆಮೇಲೆ ಅರ್ಜಿ. ಅದಕ್ಕಿಂತ ದೊಡ್ಡ ಮಾತು, ಬೇರೆ ದೇಶದ ಪೌರತ್ವ ತೆಗೆದುಕೊಂಡ ದಿನವೇ ಭಾರತದ ಪೌರತ್ವ ಹೋಗುತ್ತದೆ. ನಮ್ಮಲ್ಲಿ ಎರಡು ಪೌರತ್ವ ಇಲ್ಲ. ಮುಂದೆ ಹೊಲ ಕೊಳ್ಳಬೇಕೆಂದರೂ ಆಗುವುದಿಲ್ಲ. ಮನೆಯವರ ಜೊತೆ ಕೂತು ಮಾತಾಡದೆ ಅಂಥ ಕಾಗದಕ್ಕೆ ಸಹಿ ಹಾಕಬೇಡಿ.

ಇನ್ನು ನಿಮ್ಮ ಕೆನಡಾದ ಅಣ್ಣ. ಅವರಿಗೆ ದಾರಿ ಇದೆ, ಆದರೆ ಅದು ಅವರಿಗೆ. ಇ-1ಕ್ಕೆ ಅವರ ಅಂತರರಾಷ್ಟ್ರೀಯ ವ್ಯಾಪಾರದ ಅರ್ಧಕ್ಕಿಂತ ಜಾಸ್ತಿ ಕೆನಡಾ ಮತ್ತು ಅಮೆರಿಕದ ನಡುವೆ ಆಗಬೇಕು, ಬ್ಯಾಡಗಿಯಿಂದ ಹೋಗುವ ಪುಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಇ-2 ಆದರೆ ಅಮೆರಿಕದ ಕಂಪನಿಯಲ್ಲಿ ಕನಿಷ್ಠ ಅರ್ಧ ಪಾಲು ಕೆನಡಾದವರದ್ದಿರಬೇಕು, ಅವರೇ ದುಡ್ಡು ಹಾಕಿ ಅವರೇ ನಡೆಸಬೇಕು. ಆ ಕಂಪನಿಯ ನೌಕರ ಅಂತ ನೀವು ಹೋಗಲು ಬರುತ್ತದಾ ಅಂದರೆ, ಅದೂ ಇಲ್ಲ. ನೌಕರರೂ ಕೆನಡಾದ ಪೌರರೇ ಆಗಿರಬೇಕು. ಹೆಂಡತಿ ಮತ್ತು 21 ವರ್ಷದೊಳಗಿನ ಮಕ್ಕಳಿಗೆ ಮಾತ್ರ ಬೇರೆ ಪಾಸ್‌ಪೋರ್ಟ್ ಇದ್ದರೂ ನಡೆಯುತ್ತದೆ, ತಮ್ಮಂದಿರಿಗೆ ನಡೆಯುವುದಿಲ್ಲ.

ಹಾಗಾದರೆ ನೀವು ಏನು ಮಾಡಬಹುದು? ನನ್ನ ಪ್ರಕಾರ ಮೊದಲು ಕೇಳಿಕೊಳ್ಳಬೇಕಾದ್ದು, ಅಲ್ಲಿ ನೀವು ಇರಲೇಬೇಕಾ ಅಥವಾ ನಿಮ್ಮ ಮಾಲು ಇದ್ದರೆ ಸಾಕಾ? ಮಾಲಿಗೆ ವೀಸಾ ಬೇಡ. ಅಮೆರಿಕದಲ್ಲಿ ಕಂಪನಿ ತೆರೆದು ಅದರ ಮಾಲಕರಾಗಿರುವುದಕ್ಕೂ ವೀಸಾ ಬೇಡ, ಬ್ಯಾಡಗಿಯಲ್ಲಿ ಕೂತೇ ಆಗಬಹುದು. ಅಲ್ಲಿ ಹೋಗಿ ಕೆಲಸ ಮಾಡುವುದಕ್ಕೆ ಮಾತ್ರ ಬೇಕು. ಇಲ್ಲಿಂದ ಹಣ ಹಾಕುವಾಗ ಬ್ಯಾಂಕಿನ ಮೂಲಕ, ವಿದೇಶಿ ಹೂಡಿಕೆ ಅಂತ ತೋರಿಸಿಯೇ ಕಳಿಸಿ. ಒಬ್ಬರಿಗೆ ವರ್ಷಕ್ಕೆ 2,50,000 ಡಾಲರ್ ಮಿತಿ ಇದೆ. ಗೆಳೆಯರ ಖಾತೆ, ಹವಾಲಾ ಅಂತ ಹೋದರೆ ಮುಂದೆ ಎಲ್ಲ ವೀಸಾಗೂ ತೊಡಕು. ಪುಡಿ ಮಾಡುವ ಘಟಕಕ್ಕೆ ಅಮೆರಿಕದ ಎಫ್‌ಡಿಎ (ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) ನೋಂದಣಿ ಇದೆಯಾ, ಅದನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಿದ್ದೀರಾ ನೋಡಿಕೊಳ್ಳಿ. ವೀಸಾದ ಚಿಂತೆಯಲ್ಲಿ ಇದನ್ನು ಮರೆಯುವವರು ಬಹಳ.

ಗಿರಾಕಿಗಳನ್ನು ಕಾಣಲು, ಗೋದಾಮು ನೋಡಲು, ಕರಾರು ಮಾತಾಡಲು ಬಿ-1 ಸಾಕು, ಅಂದರೆ ವ್ಯಾಪಾರದ ಕೆಲಸಕ್ಕೆ ಸ್ವಲ್ಪ ದಿನ ಹೋಗಿ ಬರುವ ವೀಸಾ. ಡಿಎಸ್-160 ಅರ್ಜಿ ಆನ್‌ಲೈನ್‌ನಲ್ಲಿ ತುಂಬಬೇಕು, ಶುಲ್ಕ 185 ಡಾಲರ್. ಬೆರಳಚ್ಚಿಗೆ ಒಂದು ದಿನ, ಸಂದರ್ಶನಕ್ಕೆ ಇನ್ನೊಂದು ದಿನ, ಹಾಗಾಗಿ ಮುಂಬೈ, ಹೈದರಾಬಾದ್ ಅಥವಾ ಚೆನ್ನೈಗೆ ಎರಡು ದಿನ ಇಟ್ಟುಕೊಂಡು ಹೋಗಿ. ನೀವು ವಾಪಸ್ ಬರುತ್ತೀರಿ ಅಂತ ಅಧಿಕಾರಿಗೆ ನಂಬಿಕೆ ಬರಬೇಕು, ಅಷ್ಟೇ. ಅಂಗಡಿಯ ಲೆಕ್ಕ, ರಫ್ತಿನ ಬಿಲ್ಲು, ಗಿರಾಕಿಯ ಪತ್ರ ಜೊತೆಗಿರಲಿ. ಏಜೆಂಟ್ ಹೇಳಿಕೊಟ್ಟ ಉತ್ತರ ಬಾಯಿಪಾಠ ಮಾಡಬೇಡಿ. ಮೆಣಸಿನಕಾಯಿ ಬಗ್ಗೆ ನಿಮಗಿಂತ ಚೆನ್ನಾಗಿ ಯಾರು ಹೇಳುತ್ತಾರೆ? ಕಾಯಿಯಲ್ಲಿ ಡಬ್ಬಿ ತಳಿ ಯಾವುದು, ಕಡ್ಡಿ ತಳಿ ಯಾವುದು, ನಿಮ್ಮ ಕಾಯಿಗೆ ಬಣ್ಣ ಯಾಕೆ ಜಾಸ್ತಿ, ಖಾರ ಯಾಕೆ ಕಡಿಮೆ, ಇದನ್ನೇ ನಿಮ್ಮ ಮಾತಿನಲ್ಲಿ ಹೇಳಿ.

ಅಲ್ಲೇ ನೆಲೆಸಿ ನಡೆಸಲೇಬೇಕು ಅಂದರೆ ಎಲ್-1ಎ ನೋಡಿ, ಕಂಪನಿ ತನ್ನ ಮ್ಯಾನೇಜರನ್ನು ಅಮೆರಿಕದ ಕಚೇರಿಗೆ ಕಳಿಸುವ ವೀಸಾ ಅದು. ನಿಮ್ಮ ಇಲ್ಲಿನ ಸಂಸ್ಥೆಯದೇ ಶಾಖೆ ಅಥವಾ ಉಪ ಕಂಪನಿ ಅಲ್ಲಿ ಇರಬೇಕು. ಹಿಂದಿನ 3 ವರ್ಷದಲ್ಲಿ 1 ವರ್ಷ ಸತತವಾಗಿ ನೀವು ಇಲ್ಲಿ ಮ್ಯಾನೇಜರ್ ಮಟ್ಟದ ಕೆಲಸ ಮಾಡಿರಬೇಕು. ಹೊಸ ಕಚೇರಿಯಾದರೆ ಮೊದಲು 1 ವರ್ಷ ಕೊಡುತ್ತಾರೆ, ಅಲ್ಲಿ ಜಾಗ ಬಾಡಿಗೆಗೆ ಹಿಡಿದಿದ್ದಕ್ಕೆ ಪುರಾವೆ ಕೇಳುತ್ತಾರೆ. ಒಟ್ಟು 7 ವರ್ಷದವರೆಗೆ ಇರಬಹುದು. ನೀವು ಅಲ್ಲಿದ್ದಷ್ಟು ದಿನ ಬ್ಯಾಡಗಿಯ ವ್ಯಾಪಾರವೂ ನಡೆಯುತ್ತಿರಬೇಕು, ಅದೂ ಷರತ್ತೇ. ತಮ್ಮ ಇದ್ದಾರಲ್ಲ, ಅದು ನಿಮ್ಮ ಅನುಕೂಲ. ಸಂಸ್ಥೆ ನಿಮ್ಮೊಬ್ಬರ ಹೆಸರಿನಲ್ಲಿದ್ದರೆ ಈಗಲೇ ಪ್ರೈವೇಟ್ ಲಿಮಿಟೆಡ್ ಮಾಡಿ, ಸಂಬಳದ ಲೆಕ್ಕ ಇಡಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಬಿ-1 ಮೇಲೆ ಎರಡು ಸಲ ಹೋಗಿ ಬಂದು, ಆಮೇಲೆ ಎಲ್-1ಎಗೆ ಕೈ ಹಾಕುತ್ತಿದ್ದೆ.

ಇಬಿ-5 ಅಂತ ಇನ್ನೊಂದಿದೆ, ನೇರ ಗ್ರೀನ್ ಕಾರ್ಡ್ ದಾರಿ. ಕನಿಷ್ಠ 8 ಲಕ್ಷ ಡಾಲರ್ ಹಾಕಿ 10 ಜನರಿಗೆ ಕೆಲಸ ಸೃಷ್ಟಿಸಬೇಕು. ದುಡ್ಡು ಎಲ್ಲಿಂದ ಬಂತು ಅಂತ ಪೈಸೆ ಪೈಸೆಗೆ ದಾಖಲೆ ಕೇಳುತ್ತಾರೆ. ಹೊಲದ ಆದಾಯ ಅಂದರೆ ಉತಾರ (ಪಹಣಿ) ಒಂದೇ ಸಾಲದು, ದಲಾಲರ ಪಟ್ಟಿ, ಬ್ಯಾಂಕಿಗೆ ಕಟ್ಟಿದ ಚೀಟಿ ಎಲ್ಲ ಬೇಕು. ನಗದು ವ್ಯವಹಾರ ಜಾಸ್ತಿ ಇರುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ಗದಗ-ಬೆಟಗೇರಿಯಲ್ಲಿ ನಮ್ಮದು ಸೀರೆ ವ್ಯಾಪಾರ. ಅಮೆರಿಕದ ಕನ್ನಡಿಗರ ಸಮ್ಮೇಳನದಲ್ಲಿ ಮಳಿಗೆ ಹಾಕಿ ಸೀರೆ ಮಾರಬೇಕು ಅಂತಿದ್ದೇನೆ. ಬಿ-1 ಸಾಕಾ?
ಒಬ್ಬ ಓದುಗ ಮಹಿಳೆ, ಬೆಟಗೇರಿ

ಉತ್ತರ: ಅಕ್ಕಾರ, ಮಳಿಗೆ ಹಾಕಿ ಸೀರೆ ತೋರಿಸಿ ಆರ್ಡರ್ ತೆಗೆದುಕೊಳ್ಳಲು ಸಾಕು. ಸೀರೆ ಇಲ್ಲಿ ತಯಾರಾಗಿ ಇಲ್ಲಿಂದಲೇ ಗಿರಾಕಿಗೆ ಹೋಗಬೇಕು. ಅಲ್ಲೇ ಕೈಗೆ ಕೊಟ್ಟು ದುಡ್ಡು ಎಣಿಸಿಕೊಳ್ಳುವುದು ಬಿ-1ರಲ್ಲಿ ನಡೆಯುವುದಿಲ್ಲ. ನಾಲ್ಕು ಸೂಟ್‌ಕೇಸ್ ತುಂಬ ಸೀರೆ ಒಯ್ದು "ಸ್ವಂತಕ್ಕೆ" ಅಂತ ಹೇಳುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ವಿಮಾನ ನಿಲ್ದಾಣದಿಂದಲೇ ವಾಪಸ್ ಕಳಿಸಿದರೆ ಮುಂದಿನ ವೀಸಾವೂ ಕಷ್ಟ. ಮಾದರಿ ಸೀರೆಗಳನ್ನು ಎಟಿಎ ಕಾರ್ನೆ ಅನ್ನುವ ಕಾಗದದ ಮೇಲೆ ಸುಂಕವಿಲ್ಲದೆ ಒಯ್ದು ವಾಪಸ್ ತರಬಹುದು, ನಮ್ಮ ದೇಶದಲ್ಲಿ ಅದನ್ನು ವಾಣಿಜ್ಯೋದ್ಯಮಿಗಳ ಒಕ್ಕೂಟ ಫಿಕ್ಕಿ ಕೊಡುತ್ತದೆ. ಒಯ್ದ ಸೀರೆ ಎಣಿಸಿ ಅಷ್ಟನ್ನೂ ವಾಪಸ್ ತರಬೇಕು, ಒಂದನ್ನು ಉಡುಗೊರೆ ಕೊಟ್ಟರೂ ಲೆಕ್ಕ ತಪ್ಪುತ್ತದೆ. ಸ್ಥಳದಲ್ಲೇ ಮಾರಬೇಕು ಅಂದರೆ ಅಲ್ಲಿನ ಅಂಗಡಿಯವರೊಬ್ಬರಿಗೆ ಮೊದಲೇ ರಫ್ತು ಮಾಡಿ, ಮಾರಾಟ ಅವರ ಹೆಸರಿನಲ್ಲಿ ಆಗಲಿ. ನೀವು ಪಕ್ಕದಲ್ಲಿ ನಿಂತು ಸೆರಗಿನ ನೇಯ್ಗೆ, ಬಣ್ಣ ಎಲ್ಲ ವಿವರಿಸಿ, ಮುಂದಿನ ಆರ್ಡರ್ ಬರೆದುಕೊಳ್ಳಿ.