ಮಾರ್ಕ್ಸ್ ಕಾರ್ಡಿನ ಕವರಿನಲ್ಲಿ ಇದ್ದದ್ದು

(ಆಕೆಯ ಒಪ್ಪಿಗೆ ಪಡೆದು ಬರೆದಿದ್ದೇನೆ. ಹೆಸರು, ಊರು, ಗಂಡನ ಕೆಲಸ ಎಲ್ಲ ಬದಲಿಸಿದ್ದೇನೆ. ಇಲ್ಲಿ ಆಕೆ ರೇಣುಕಾ.)

ಕೊಪ್ಪಳ ತಾಲ್ಲೂಕಿನ ಹಳ್ಳಿಯವಳು, ವಯಸ್ಸು 23, ಮದುವೆಯಾಗಿ ಮೂರು ವರ್ಷ. ಬಸಿರು ನಿಲ್ಲುತ್ತಿಲ್ಲವೆಂದು ಆಪ್ತಸಮಾಲೋಚಕಿಯಾದ ನನ್ನ ಬಳಿ ಕರೆದುಕೊಂಡು ಬಂದವರು ಅತ್ತೆ.

"ಹುಲಿಗೆಮ್ಮಗ ಬೇಡ್ಕೊಂಡಾತು, ಗಂಗಾವತಿ ಡಾಕ್ಟರ್‌ಗೂ ತೋರಿಸ್ಯಾತ್ರಿ ಮೇಡಂ. ಎಲ್ಲಾ ಬರೋಬ್ಬರಿ ಐತಿ ಅಂತಾರ. ಹಂಗಾರ ಯಾಕ ನಿಲ್ಲವಲ್ದು? ತೆಲಿಯಾಗ ಏನರ ಚಿಂತಿ ಐತೇನ, ನೀವ ಕೇಳ್ರಿ."

ಅತ್ತೆಯನ್ನು ಹೊರಗೆ ಕೂರಿಸಿದೆ. ರೇಣುಕಾ ಇಪ್ಪತ್ತು ನಿಮಿಷ ಬಳೆ ತಿರುಗಿಸುತ್ತಾ ಕುಳಿತಳು. ಗಂಡ ಹೆಂಡಿರ ನಡುವೆ ಏನೋ ಸರಿಯಿಲ್ಲ ಎಂದು ನನ್ನ ಡೈರಿಯಲ್ಲಿ ಗೀಚಿಕೊಂಡೆ. ಅದು ನನ್ನ ತಪ್ಪು ಊಹೆ. ಎದ್ದು ಹೊರಡುವಾಗ ಯಾರದೋ ವಿಷಯ ಕೇಳುವವಳಂತೆ ಕೇಳಿದಳು: "ಹಾರ್ಟ್ ಆಪರೇಷನ್ ಆದಾಕಿ ಹಡದ್ರ ಸಾಯ್ತಾಳೇನ್ರೀ?"

ಮುಂದಿನ ವಾರ ಒಬ್ಬಳೇ ಬಂದಳು, ಸಂತೆಗೆ ಹೋಗ್ತೀನಿ ಅಂತ ಹೇಳಿ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಒಳಗೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಅದರ ಹಿಂದೆ ಮಡಿಕೆ ಬಿದ್ದ ಕಡೆಯೆಲ್ಲ ಹರಿಯಲು ಬಂದಿದ್ದ 16 ವರ್ಷ ಹಳೆಯ ಡಿಸ್ಚಾರ್ಜ್ ಕಾರ್ಡು, ಅದರೊಳಗೆ ಬಸಿರು ತಡೆಯುವ ಮಾಲಾ-ಡಿ ಗುಳಿಗೆಯ ಹಾಳೆ. 21 ಬಿಳಿ ಗುಳಿಗೆಗಳಲ್ಲಿ ಒಂಬತ್ತು ಖಾಲಿ. ಕೊನೆಯ ಸಾಲಿನ ಏಳು ಕಂದು ಬಣ್ಣದ ಕಬ್ಬಿಣಾಂಶದ ಗುಳಿಗೆ ಹಾಗೇ ಇದ್ದವು.

"ಇಂಗ್ಲಿಷ್ ಕಾಗದ ಇರೋ ಕವರ ನಮ್ಮನ್ಯಾಗ ಯಾರೂ ಬಿಚ್ಚಂಗಿಲ್ರಿ" ಅಂದಳು.

ಮೂರು ವರ್ಷದಿಂದ ಅತ್ತೆ ಹರಕೆ ಹೊರುತ್ತಿದ್ದರು, ಸೊಸೆ ಗುಳಿಗೆ ನುಂಗುತ್ತಿದ್ದಳು.

ಡಿಸ್ಚಾರ್ಜ್ ಕಾರ್ಡಿನಲ್ಲಿದ್ದದ್ದು ಟೆಟ್ರಾಲಜಿ ಆಫ್ ಫ್ಯಾಲೊ ಎಂಬ ಹೃದಯದೋಷ. ಹುಟ್ಟುವಾಗಲೇ ಹೃದಯದ ಕೆಳಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ, ಶ್ವಾಸಕೋಶಕ್ಕೆ ರಕ್ತ ಹೋಗುವ ದಾರಿ ಇಕ್ಕಟ್ಟು. ಅತ್ತರೆ ತುಟಿ ನೀಲಿಗಟ್ಟುತ್ತಿತ್ತಂತೆ, ನಾಲ್ಕು ಹೆಜ್ಜೆ ಓಡಿದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳಂತೆ. ಏಳನೇ ವಯಸ್ಸಿಗೆ ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಮನೆಗೆ ಕಳಿಸುವ ದಿನ ವಾರ್ಡಿನಲ್ಲಿ ಯಾರೋ, ಡಾಕ್ಟರೋ ಸಿಸ್ಟರೋ ಅವಳಿಗೆ ನೆನಪಿಲ್ಲ, ಅವ್ವನಿಗೆ "ದೊಡ್ಡವಳಾದ ಮೇಲೆ ಹೆರಿಗೆ ಕಷ್ಟ ಆಗಬಹುದು" ಅಂದಿದ್ದರು. ಅವ್ವ ಅದನ್ನು "ಹಡಿಯಂಗಿಲ್ಲ" ಅಂತ ತಿಳಿದು, ಮೈನೆರೆದ ಮಗಳ ಕಿವಿಯಲ್ಲಿ ಹಾಗೆಯೇ ಹೇಳಿದಳು.

ನಮ್ಮ ಕಡೆ ಸೋದರಮಾವನಿಗೆ ಕೊಡುವ ರೂಢಿ ಇನ್ನೂ ಹೋಗಿಲ್ಲ. ಆದರೆ ಆಪರೇಷನ್ ಕಂಡಿದ್ದ ಮಾವ ಒಲ್ಲೆನೆಂದ. (ರಕ್ತಸಂಬಂಧದ ಮದುವೆಯಲ್ಲಿ ಮಕ್ಕಳಿಗೆ ಹೃದಯದೋಷ ಬರುವ ಸಂಭವ ಹೆಚ್ಚು, ಆ ಲೆಕ್ಕಕ್ಕೆ ಅವನು ಬೇಡವೆಂದದ್ದೇ ಒಳ್ಳೆಯದಾಯಿತು.) ಹೊರಗಿನ ಸಂಬಂಧ ಹುಡುಕಿದರು, ಎದೆಯ ನಡುವಿನ ಉದ್ದ ಗೆರೆಗೆ "ಸಣ್ಣಾಕಿದ್ದಾಗ ಗಂಟು ತೆಗದಾರ" ಎಂದು ಹೇಳಿದರು. ಹನ್ನೆರಡನೇ ವಯಸ್ಸಿನ ನಂತರ ಒಮ್ಮೆಯೂ ಅವಳು ಹೃದಯದ ಡಾಕ್ಟರ ಮುಖ ನೋಡಿಲ್ಲ. ಹೋದರೆ ಊರಿಗೆ ಗೊತ್ತಾಗುತ್ತದಲ್ಲ.

ನಾನು ಬೈಯಲಿಲ್ಲ, ಗುಳಿಗೆ ಬಿಡು ಎಂದೂ ಹೇಳಲಿಲ್ಲ. ಎಕೋ (ಹೃದಯದ ಸ್ಕ್ಯಾನ್) ಆಗುವ ಮೊದಲು ಗರ್ಭ ನಿಲ್ಲುವುದು ಬೇಡ. ಆದರೆ ಮಾಲಾ-ಡಿಯಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ಇದೆ, ಕೆಲವು ಹೃದಯದೋಷಗಳಲ್ಲಿ ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ, ಹಾಗಾಗಿ ಯಾರನ್ನೂ ಕೇಳದೆ ನುಂಗುವ ಮಾತ್ರೆ ಅದಲ್ಲ ಎಂದೆ. ಅದೇ ದಿನ ಸ್ತ್ರೀರೋಗ ತಜ್ಞೆಯ ಬಳಿ ಕಳಿಸಿದೆ. "ಸದ್ಯಕ್ಕೆ ನಡೆಯುತ್ತೆ, ಮೊದಲು ಎಕೋ ಮಾಡಿಸಿ" ಅಂದರು. ಮತ್ತೊಂದು ಮಾತು ನಾನು ಒತ್ತಿ ಹೇಳಿದ್ದು: ಈ ಆಪರೇಷನ್ ಆದ ಹೆಚ್ಚಿನ ಹೆಣ್ಣುಮಕ್ಕಳಿಗೆ ಬಸಿರಾಗಲು ತೊಂದರೆ ಇರುವುದಿಲ್ಲ. ನೋಡಬೇಕಾದ್ದು ಬಸಿರಿನ ಭಾರವನ್ನು ಹೃದಯ ಹೊರುತ್ತದೋ ಇಲ್ಲವೋ ಎಂಬುದನ್ನು. ಅದನ್ನು ನಾನೂ ಹೇಳಲಾರೆ, ಅವ್ವನೂ ಹೇಳಲಾರಳು.

ಗಂಡನಿಗೆ ಹೇಳುವುದು ಯಾರು? ನಾನು ಹೇಳಲೇ ಎಂದು ಕೇಳಿದೆ. ಬೇಡವೆಂದಳು. ಎರಡು ಭೇಟಿ ಬರೀ ಆ ಮಾತನ್ನು ಹೇಗೆ ಶುರುಮಾಡುವುದು ಎಂಬುದರಲ್ಲೇ ಕಳೆದವು. ಮೂರನೆಯದಕ್ಕೆ ಇಬ್ಬರೂ ಬಂದರು. ಆತ ನನ್ನ ಮೇಜಿನ ಅಂಚು ನೋಡುತ್ತಾ ಅಂದ: "ಗಂಟಿಂದ ಅಷ್ಟುದ್ದ ಗೆರಿ ಬೀಳಂಗಿಲ್ಲ ಅಂತ ನನಗೂ ಗೊತ್ತಿತ್ರಿ. ಕೇಳಿದ್ರ ಎಲ್ಲಿ ಅಳ್ತಾಳೋ ಅಂತ ಬಿಟ್ಟಿದ್ದೆ."

ಅವಳು ಅತ್ತದ್ದು ಆಗ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋಗಿ ಬಂದರು. ಎಕೋ, ಇಸಿಜಿ, ಹೃದಯದ ಎಂಆರ್‌ಐ ಆದವು. ಶ್ವಾಸಕೋಶಕ್ಕೆ ರಕ್ತ ಬಿಡುವ ಪಲ್ಮನರಿ ಕವಾಟ ಮಧ್ಯಮ ಪ್ರಮಾಣದಲ್ಲಿ ಸೋರುತ್ತಿದೆ, ಬಲ ಕೆಳಕೋಣೆ ಸ್ವಲ್ಪ ಹಿಗ್ಗಿದೆ. ಈ ಆಪರೇಷನ್ ಆದವರಲ್ಲಿ ವರ್ಷಗಳ ಮೇಲೆ ಇದು ಸಾಮಾನ್ಯ. ಹೃದಯ ರಕ್ತ ಒತ್ತುವ ಶಕ್ತಿ ಚೆನ್ನಾಗಿದೆ, ಶ್ವಾಸಕೋಶದ ರಕ್ತದೊತ್ತಡ ಏರಿಲ್ಲ. ಬಸಿರಿನ ಅಪಾಯ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಿದೆ, 1ರಿಂದ 4. ಇವಳು 2ನೇ ವರ್ಗ. ಶ್ವಾಸಕೋಶದ ಒತ್ತಡ ಏರಿದ್ದರೆ 4ನೇ ವರ್ಗವಾಗುತ್ತಿತ್ತು. ಆಗ ಬಸಿರೇ ಬೇಡ ಎಂಬ ಮಾತನ್ನು ನಾವು ಕುಳಿತು ಆಡಬೇಕಿತ್ತು, ದತ್ತು ತೆಗೆದುಕೊಳ್ಳುವ ದಾರಿ ತೋರಿಸಬೇಕಿತ್ತು. ಆ ಮಾತನ್ನು ಬೇರೆಯವರ ಜೊತೆ ಆಡಿದ್ದೇನೆ, ಅದು ಎರಡು ಭೇಟಿಗೆ ಮುಗಿಯುವುದಲ್ಲ.

ಡಾಕ್ಟರು ಹೇಳಿದ್ದನ್ನು ಇಬ್ಬರಿಗೂ ಮತ್ತೆ ಬಿಡಿಸಿ ಹೇಳಿದೆ. ಬಸಿರಿನಲ್ಲಿ ರಕ್ತದ ಪ್ರಮಾಣವೇ ಶೇ. 40ರಿಂದ 50ರಷ್ಟು ಏರುತ್ತದೆ, ಏಳು ತಿಂಗಳ ಹೊತ್ತಿಗೆ ಹೃದಯದ ಕೆಲಸ ಹೆಚ್ಚು. ಆದ್ದರಿಂದ ರಕ್ತಹೀನತೆ ಇವಳಿಗೆ ಉಳಿದವರಿಗಿಂತ ಕೆಟ್ಟದ್ದು. ನುಂಗದೆ ಎಸೆಯುತ್ತಿದ್ದ ಆ ಕಂದು ಗುಳಿಗೆಗಳನ್ನು ತೋರಿಸಿ ಇದನ್ನು ಹೇಳಿದೆ, ನಕ್ಕಳು. ಫೋಲಿಕ್ ಆಸಿಡ್ ಈಗಲೇ ಶುರು. ಹುಳುಕು ಹಲ್ಲು ಮೊದಲು ತೋರಿಸಿಕೊಳ್ಳಬೇಕು, ಬಾಯಿಯ ಸೋಂಕು ರಕ್ತದ ಮೂಲಕ ಹೃದಯಕ್ಕೆ ಹೋಗಬಲ್ಲದು. ಬಸಿರು ನಿಂತ ದಿನವೇ ಆಶಾ ಕಾರ್ಯಕರ್ತೆಗೆ ಹೇಳಿ ತಾಯಿ ಕಾರ್ಡಿನ ಮೇಲೆ ಹೃದಯದ ಆಪರೇಷನ್ ಆಗಿದೆ ಎಂದು ಬರೆಸಬೇಕು. ಮಲಗಿದರೆ ಉಸಿರು ಕಟ್ಟಿದಂತಾದರೆ, ಎದೆ ದಡಬಡ ಹೊಡೆದುಕೊಂಡು ನಿಲ್ಲದಿದ್ದರೆ, ಬೆಳಗಾಗಲಿ ಎಂದು ಕಾಯಬಾರದು.

"ನನ್ನ ರೋಗ ಕೂಸಿಗೆ ಬರ್ತೈತೇನ್ರಿ?" ಯಾವುದೇ ಮಗುವಿಗೆ ಹೃದಯದೋಷ ಬರುವ ಸಂಭವ ನೂರಕ್ಕೆ ಸುಮಾರು ಒಂದು. ತಾಯಿಗೆ ಇಂಥ ದೋಷವಿದ್ದರೆ ಮೂರರಿಂದ ಐದು. ಅಂದರೆ ನೂರಕ್ಕೆ ತೊಂಬತ್ತೈದರಿಂದ ತೊಂಬತ್ತೇಳು ಮಕ್ಕಳು ನೆಟ್ಟಗಿರುತ್ತಾರೆ. ವಂಶವಾಹಿಯ ಒಂದು ತುಣುಕು ಕಳೆದುಹೋಗಿ ದೋಷ ಬಂದಿದ್ದರೆ ಮಾತ್ರ ಆ ಕೊರತೆ ಮಗುವಿಗೆ ದಾಟುವ ಸಂಭವ ಅರ್ಧಕ್ಕರ್ಧ. ಆ ರಕ್ತಪರೀಕ್ಷೆ ಮಾಡಿಸಿದರು, ಇವಳಿಗೆ ಹಾಗಿಲ್ಲ. 18ರಿಂದ 22 ವಾರದೊಳಗೆ ಹೊಟ್ಟೆಯಲ್ಲಿರುವ ಕೂಸಿನ ಎಕೋ ಮಾಡಿಸಬೇಕು.

ಹೆರಿಗೆ ಎಲ್ಲಿ ಎಂಬಲ್ಲಿ ಜಗಳವಾಯಿತು. ಮೊದಲ ಹೆರಿಗೆ ತವರಿನಲ್ಲಿ ಎಂಬುದು ರೂಢಿ, ಅವಳ ತವರಿನಿಂದ ಆಸ್ಪತ್ರೆಗೆ ಬಸ್ಸೇ ದಿನಕ್ಕೆರಡು. ಹೃದಯ ತಜ್ಞರು, ಅರಿವಳಿಕೆ ತಜ್ಞರು ಒಂದೇ ಸೂರಿನಡಿ ಇರುವ ಆಸ್ಪತ್ರೆಯಲ್ಲೇ ಆಗಬೇಕು, ಎಂಟನೇ ತಿಂಗಳಿಗೇ ಹತ್ತಿರ ಹೋಗಿ ಇರಬೇಕು ಎಂದು ನಾನು ಪಟ್ಟು ಹಿಡಿದೆ. ಸಿಜೇರಿಯನ್ನೇ ಆಗಬೇಕೆಂದಿಲ್ಲ, ನೋವು ತಗ್ಗಿಸಿ ಸಹಜ ಹೆರಿಗೆ ಮಾಡಿಸುವುದೇ ಇಂಥವರಿಗೆ ಸಾಮಾನ್ಯವಾಗಿ ಮೇಲು. ಹೆತ್ತ ಮೇಲಿನ ಎರಡು ಮೂರು ದಿನ ಹೃದಯಕ್ಕೆ ಮತ್ತೆ ಭಾರ ಬೀಳುವ ಹೊತ್ತು, ಆಗ ಮನೆಗೆ ಕರೆದೊಯ್ಯುವ ಅವಸರ ಬೇಡ. ಬಾಣಂತನ ತವರಲ್ಲಿ ಮಾಡಲಿ, ಅಡ್ಡಿಯಿಲ್ಲ. ಗಂಡ ಒಪ್ಪಿದ. ಅವ್ವನನ್ನು ಇನ್ನೂ ಒಪ್ಪಿಸಬೇಕು.

ಹಲ್ಲಿನ ಕೆಲಸ ಮುಗಿದ ಮೇಲೆ ಡಾಕ್ಟರನ್ನು ಕೇಳಿ ಗುಳಿಗೆ ನಿಲ್ಲಿಸಿದ್ದಾಳೆ. ಡಿಸ್ಚಾರ್ಜ್ ಕಾರ್ಡಿಗೆ ಲ್ಯಾಮಿನೇಷನ್ ಮಾಡಿಸಿದ್ದಾನೆ ಗಂಡ. ಅತ್ತೆಗೆ ಇನ್ನೂ ಹೇಳಿಲ್ಲ. ಹೇಳಿದರೆ ಒಳ್ಳೆಯದು, ಬಾಣಂತಿಯ ಪಕ್ಕ ರಾತ್ರಿ ಕೂರುವವರಿಗೆ ಗೊತ್ತಿರಬೇಕು ಅಂತ ನನ್ನ ಅಭಿಪ್ರಾಯ. "ಬಸರ ನಿಲ್ಲಲ್ರಿ, ಆಮ್ಯಾಗ ಹೇಳ್ತೀನಿ" ಅನ್ನುತ್ತಾಳೆ. ಬರುವ ಹುಣ್ಣಿಮೆಗೆ ಅತ್ತೆ ಸೊಸೆ ಇಬ್ಬರೂ ಹುಲಿಗಿಗೆ ಹೊರಟಿದ್ದಾರೆ, ಉಡಿ ತುಂಬಿಸಲು.