ಓದುಗರ ಪ್ರಶ್ನೆ: ರಸೀದಿ ಓಡಾಡುತ್ತೆ, ಭತ್ತ ಗೋದಾಮಿನಲ್ಲೇ

ಪ್ರಶ್ನೆ: ಈಥರ್ (ಎಥೀರಿಯಂ ಜಾಲದ ಡಿಜಿಟಲ್ ನಾಣ್ಯ) ಸ್ಟೇಕ್ ಮಾಡಿದ (ಪ್ರತಿಫಲಕ್ಕಾಗಿ ಜಾಲದಲ್ಲಿ ಒತ್ತೆಯಿಟ್ಟ) ಮೇಲೂ ಅದನ್ನು ಬಳಸಬಹುದಂತೆ. ಒಂದೇ ಎತ್ತನ್ನು ಎರಡು ಗಾಡಿಗೆ ಕಟ್ಟಲು ಸಾಧ್ಯವೇ?
– ಓದುಗರು, ಸಿಂಧನೂರು

ಭತ್ತ ಗೋದಾಮಿನಲ್ಲಿಟ್ಟು ರಸೀದಿಯ ಮೇಲೆ ಸಾಲ ಎತ್ತುವುದು ನಿಮ್ಮ ಊರಿಗೆ ಹೊಸದಲ್ಲ. ಇದೂ ಹಾಗೆಯೇ. ಸ್ವಂತ ವ್ಯಾಲಿಡೇಟರ್‌ಗೆ (ಜಾಲದ ವಹಿವಾಟು ಪರಿಶೀಲಿಸುವ ಘಟಕಕ್ಕೆ) ಕನಿಷ್ಠ 32 ಈಥರ್ ಬೇಕು. ಲಿಡೋದಂಥ ವ್ಯವಸ್ಥೆ ಹಲವರ ಚಿಲ್ಲರೆ ಕೂಡಿಸಿ ಸ್ಟೇಕ್ ಮಾಡಿ, ನಿಮಗೆ ಎಸ್‌ಟಿಈಥ್ ಎಂಬ ರಸೀದಿ ಟೋಕನ್ ಕೊಡುತ್ತದೆ; ಪ್ರತಿಫಲದಲ್ಲಿ ಶೇ 10 ಹಿಡಿದುಕೊಳ್ಳುತ್ತದೆ. ಗೋದಾಮಿನ ಭತ್ತ ಒಣಗಿ ತೂಕ ಕಳೆದುಕೊಳ್ಳುತ್ತದೆ, ಇಲ್ಲಿ ಪ್ರತಿಫಲ ಸೇರಿ ತೂಕ ಏರುತ್ತದೆ. ವ್ಯಾಲಿಡೇಟರ್ ತಪ್ಪೆಸಗಿ ಸ್ಲ್ಯಾಶ್ ಆದರೆ (ಒತ್ತೆಯ ಒಂದು ಪಾಲು ಕಳೆದುಕೊಂಡರೆ) ಅಥವಾ ಬೇರೆ ದಂಡ ತೆತ್ತರೆ ಇಳಿಯಬಹುದು. ರಸೀದಿಯ ಪೇಟೆ ದರ ಬೇರೆಯೇ ಮಾತು: 2022ರ ಜೂನ್‌ನಲ್ಲಿ 1 ಎಸ್‌ಟಿಈಥ್ 0.95 ಈಥರ್ ಆಸುಪಾಸಿಗೆ ಕುಸಿದಿತ್ತು. ಆಗ ಈಥರ್ ವಾಪಸ್ ಪಡೆಯುವ ಬಾಗಿಲೇ ಇರಲಿಲ್ಲ, ಮಾರುವುದೊಂದೇ ದಾರಿ. ಆ ಬಾಗಿಲು ಎಥೀರಿಯಂನಲ್ಲಿ ತೆರೆದದ್ದು 2023ರ ಏಪ್ರಿಲ್‌ನಲ್ಲಿ, ಲಿಡೋದಲ್ಲಿ ಅದೇ ವರ್ಷದ ಮೇ ತಿಂಗಳಲ್ಲಿ.

ಪ್ರಶ್ನೆ: ನಮ್ಮ ಆ್ಯಪ್‌ನ ಕಾಂಟ್ರಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ) ಗ್ರಾಹಕರ ಎಸ್‌ಟಿಈಥ್ ಮೊತ್ತ ಬರೆದಿಡುತ್ತದೆ. ಮರುದಿನ ಲೆಕ್ಕ ತಾಳೆಯಾಗದು. ಕೊನೆಯ ಗ್ರಾಹಕ ಹಣ ತೆಗೆಯಲು ಹೋದರೆ ವಹಿವಾಟು ರಿವರ್ಟ್ (ರದ್ದು)!
– ಡೆವಲಪರ್, ಬಳ್ಳಾರಿ

ಇಲ್ಲಿ ಎರಡು ಗಂಟುಗಳಿವೆ. ಎಸ್‌ಟಿಈಥ್ ನಿಮ್ಮ ಬ್ಯಾಲೆನ್ಸನ್ನು ಬರೆದೇ ಇಡುವುದಿಲ್ಲ, ಷೇರುಗಳನ್ನಷ್ಟೇ ಇಡುತ್ತದೆ. ಕೇಳಿದಾಗ ನಿಮ್ಮ ಷೇರನ್ನು ಲಿಡೋ ಬಳಿಯ ಒಟ್ಟು ಈಥರ್‌ನಿಂದ ಗುಣಿಸಿ, ಒಟ್ಟು ಷೇರಿನಿಂದ ಭಾಗಿಸಿ ಹೇಳುತ್ತದೆ. 100 ಷೇರಿಗೆ ಇವತ್ತು 120 ಈಥರ್ ಇದ್ದದ್ದು ನಾಳೆ 120.01 ಆಗಬಹುದು. ಸಾಮಾನ್ಯವಾಗಿ ದಿನಕ್ಕೊಮ್ಮೆ ಒರಾಕಲ್ (ಸ್ಟೇಕ್‌ನ ಲೆಕ್ಕ ತಂದೊಪ್ಪಿಸುವ ವ್ಯವಸ್ಥೆ) ವರದಿ ಬಂದಾಗ ಈ ರೀಬೇಸ್, ಅಂದರೆ ಬ್ಯಾಲೆನ್ಸ್ ಮರುಲೆಕ್ಕ, ನಡೆಯುತ್ತದೆ. ಪ್ರತಿ ಖಾತೆಗೂ ಟ್ರಾನ್ಸ್‌ಫರ್ ಇವೆಂಟ್ (ವರ್ಗಾವಣೆಯ ಸೂಚನೆ) ಹೊರಡುವುದಿಲ್ಲ, ಆದ್ದರಿಂದ ಇವೆಂಟ್ ನಂಬಿದ ಡೇಟಾಬೇಸ್ ಹಿಂದೆ ಬೀಳುತ್ತದೆ.

ಎರಡನೆಯದು, ಭಾಗಾಕಾರದ ಶೇಷ ಬಿದ್ದುಹೋಗುತ್ತದೆ. ನೀವು ಕಳಿಸೆಂದ ಮೊತ್ತಕ್ಕಿಂತ 1–2 ವೇ (ಈಥರ್‌ನ ಅತಿ ಚಿಕ್ಕ ಘಟಕ) ಕಡಿಮೆ ಬರಬಹುದು. ನೀವು ಬರೆದದ್ದು ಪೂರ್ತಿ, ಬಂದದ್ದು ಸ್ವಲ್ಪ ಕಡಿಮೆ. ಆ ಕೊರತೆ ಕೊನೆಯವನ ತಲೆಗೆ.

ನಮ್ಮ ಸಲಹೆ, ಒಳಲೆಕ್ಕಕ್ಕೆ ಎಸ್‌ಟಿಈಥ್ ಮುಟ್ಟಲೇಬೇಡಿ. ರ‍್ಯಾಪ್ಡ್ ಎಸ್‌ಟಿಈಥ್ ಇಡಿ. ಅದು ಎಸ್‌ಟಿಈಥ್ ಅನ್ನೇ ಒಳಗೆ ಸುತ್ತಿಟ್ಟ ಟೋಕನ್. ಅದರ ಸಂಖ್ಯೆ ಕದಲುವುದಿಲ್ಲ, ದರ ಬದಲಾಗುತ್ತದೆ. ಎಸ್‌ಟಿಈಥ್ ಕಾಂಟ್ರಾಕ್ಟ್‌ನಲ್ಲಿ ಅಪ್ರೂವ್ (ಟೋಕನ್ ತೆಗೆದುಕೊಳ್ಳಲು ಅನುಮತಿ), ಬಳಿಕ ರ‍್ಯಾಪ್. ರ‍್ಯಾಪ್ ಮರಳಿಸಿದ ಸಂಖ್ಯೆಯನ್ನೇ ಬರೆದುಕೊಳ್ಳಿ, ಕೊಟ್ಟ ಮೊತ್ತವನ್ನಲ್ಲ. ಪರದೆಯ ಮೇಲೆ ತೋರಿಸಲು ಮಾತ್ರ ದರದಿಂದ ಗುಣಿಸಿ. ಎಸ್‌ಟಿಈಥ್ ಬಿಡಲಾಗದಿದ್ದರೆ ಮೊತ್ತದ ಬದಲು ಷೇರುಗಳನ್ನೇ ವರ್ಗಾಯಿಸುವ ಫಂಕ್ಷನ್ ಇದೆ. ಎಸ್‌ಟಿಈಥ್ ಮೊತ್ತಗಳು ‘ಸಮ ಇರಬೇಕು’ ಎಂದು ಪರೀಕ್ಷಿಸುವ ರಿಕ್ವೈರ್ ಸಾಲು ಕೋಡ್‌ನಲ್ಲಿ ಎಲ್ಲಿದ್ದರೂ ಕಿತ್ತುಹಾಕಿ.

ಪ್ರಶ್ನೆ: ‘ವಿತ್‌ಡ್ರಾ’ ಒತ್ತಿದೊಡನೆ ಈಥರ್ ಬರುವಂತೆ ಮಾಡಬಹುದೇ?
– ಓದುಗರು, ಕೊಪ್ಪಳ

ಎಸ್‌ಟಿಈಥ್ ಪೇಟೆಯಲ್ಲಿ ಮಾರಿದರೆ ತಕ್ಷಣ, ಆದರೆ ಸಿಕ್ಕ ದರಕ್ಕೆ. ಲಿಡೋದ ವಾಪಸಾತಿ ಸರದಿಯಲ್ಲಿ ನಿಂತರೆ ರಸೀದಿಯ ಪೂರ್ತಿ ಮೌಲ್ಯ, ಆದರೆ ದಿನಗಳು, ಒಮ್ಮೊಮ್ಮೆ ವಾರಗಳೇ ಹಿಡಿಯುತ್ತವೆ. ಕಾಯುವಾಗ ಪ್ರತಿಫಲವೂ ನಿಲ್ಲುತ್ತದೆ. ಒಂದು ಅರ್ಜಿಗೆ ಗರಿಷ್ಠ 1,000 ಎಸ್‌ಟಿಈಥ್. ಅರ್ಜಿಗೆ ಎನ್‌ಎಫ್‌ಟಿ ಎಂಬ ವಿಶಿಷ್ಟ ಡಿಜಿಟಲ್ ಚೀಟಿ ಕೈಗೆ ಬರುತ್ತದೆ, ಅದು ಯಾರ ಬಳಿಯೋ ಈಥರ್ ಅವರದು. ಸರದಿ ಮುಗಿದರೂ ಹಣ ತಾನಾಗಿ ಬರದು, ಕ್ಲೇಮ್ ಎಂಬ ಇನ್ನೊಂದು ವಹಿವಾಟು ಬೇಕು. ಹಾಗಾಗಿ ಒಂದೇ ಗುಂಡಿ ಸಾಲದು, ‘ಈಗಲೇ ಮಾರಿ’ ಮತ್ತು ‘ಸರದಿಗೆ ಹಾಕಿ’ ಎಂದು ಎರಡಿಡಿ. ಸರದಿ ತಲುಪಿದಾಗ ಕ್ಲೇಮ್ ನೆನಪಿಸುವ ಸಂದೇಶ ಹೋಗಲಿ.