ತಿನ್ನದ ಬೆಕ್ಕಿಗೂ ವಿಷ ಏರುತ್ತದೆ

ಪ್ರಶ್ನೆ: ನಮ್ಮ ಬೆಕ್ಕಿಗೆ ಊಟದ ವಿಷಯದಲ್ಲಿ ತುಂಬಾ ಬಿಗುಮಾನ. ಹೊಸದೇನಿಟ್ಟರೂ ಮೂಸಿ ನೋಡಿ ಹೋಗಿಬಿಡುತ್ತದೆ. ಇಂಥ ಬೆಕ್ಕಿರುವ ಮನೆಯಲ್ಲೂ ಫಿನಾಯಿಲ್, ಹೂವು, ಔಷಧಿ ಅಂತ ಹೆದರಬೇಕಾ?

ಉತ್ತರ: ಹೆದರಬೇಕು. ಬೆಕ್ಕು ಚಾಕೊಲೇಟ್ ಕದ್ದು ತಿನ್ನುವುದು ಕಡಿಮೆ, ನಿಜ. ಅದಕ್ಕೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ. ಆದರೆ ಅದು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ ಅಲ್ವಾ? ಪಾದಕ್ಕೆ, ರೋಮಕ್ಕೆ ಅಂಟಿದ್ದೆಲ್ಲ ಕೊನೆಗೆ ಹೊಟ್ಟೆಗೇ ಸೇರುತ್ತದೆ. ಸಾಲದ್ದಕ್ಕೆ, ನಮ್ಮ ಲಿವರ್ ಸಲೀಸಾಗಿ ಹೊರಹಾಕುವ ಎಷ್ಟೋ ರಾಸಾಯನಿಕಗಳು ಬೆಕ್ಕಿನ ಲಿವರ್‌ಗೆ ಆಗಿಬರುವುದಿಲ್ಲ. ಅದಕ್ಕೆ ಬೇಕಾದ ಕಿಣ್ವ ಅದರಲ್ಲಿ ತೀರಾ ಕಡಿಮೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಲಿಲ್ಲಿ ಹೂವಿನದು. ಅರಳಿದ ಲಿಲ್ಲಿಯ ಕೇಸರದ ತುದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಇರುತ್ತದೆ, ನೋಡಿದ್ದೀರಾ? ಬೆಕ್ಕು ಹೂದಾನಿಗೆ ಮೈ ಉಜ್ಜಿಕೊಂಡು ಹೋದಾಗ ಆ ಪುಡಿ ಬೆನ್ನ ಮೇಲೆ ಉದುರುತ್ತದೆ. ಅದನ್ನು ನೆಕ್ಕಿಕೊಂಡರೂ ಸಾಕು. ಎಲೆ, ದಳ, ಹೂದಾನಿಯ ನೀರು ಎಲ್ಲವೂ ವಿಷವೇ. ಮೊದಲು ವಾಂತಿ, ಜೊಲ್ಲು. ಆಮೇಲೆ ಕೆಲವು ಗಂಟೆ ಹುಷಾರಾದ ಹಾಗೆ ಕಾಣುತ್ತದೆ, ಮನೆಯವರು ಮೋಸ ಹೋಗುವುದು ಇಲ್ಲೇ. 1ರಿಂದ 3 ದಿನದೊಳಗೆ ಕಿಡ್ನಿ ಕೈಕೊಡುತ್ತದೆ. 18 ಗಂಟೆ ಮೀರುವ ಮುನ್ನ ಡ್ರಿಪ್ ಶುರುವಾದರೆ ಉಳಿಯುವ ಸಾಧ್ಯತೆ ಚೆನ್ನಾಗಿದೆ. ಪೀಸ್ ಲಿಲ್ಲಿ ಬೇರೆ ಗಿಡ. ಅದು ಬಾಯಿ ಉರಿಸುತ್ತದೆ, ಕಿಡ್ನಿಯ ತಂಟೆಗೆ ಹೋಗುವುದಿಲ್ಲ.

ನೀರಿಗೆ ಹಾಕಿದ ತಕ್ಷಣ ಹಾಲಿನಂತೆ ಬೆಳ್ಳಗಾಗುವ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಫೀನಾಲ್ ಇರುತ್ತದೆ, ಬೆಕ್ಕಿನ ಲಿವರ್‌ಗೆ ಆಗಿಬರದ ರಾಸಾಯನಿಕಗಳಲ್ಲಿ ಅದೂ ಒಂದು. ಅಂಥದ್ದು ಬೇಡ. ಯಾವುದರಿಂದಲೇ ಒರೆಸಿ, ನೆಲ ಪೂರ್ತಿ ಒಣಗುವವರೆಗೆ ಬೆಕ್ಕನ್ನು ಒಳಗೆ ಬಿಡಬೇಡಿ. ಟೀ ಟ್ರೀ ಎಣ್ಣೆಯೂ ಅಷ್ಟೇ, ‘ನೈಸರ್ಗಿಕ’ ಅಂತ ಲೇಬಲ್ ಇದ್ದರೂ ಬೆಕ್ಕಿನ ಲಿವರ್‌ಗೆ ಅದು ಗೊತ್ತಾಗುವುದಿಲ್ಲ.

ಯಾರೂ ಯೋಚಿಸದ ಒಂದು ವಿಷಯ ಹೇಳುತ್ತೇನೆ. ತಲೆಗೂದಲು ಬೆಳೆಯಲೆಂದು ಹಚ್ಚುವ ಮಿನಾಕ್ಸಿಡಿಲ್. ರಾತ್ರಿ ಹಚ್ಚಿಕೊಂಡು ಮಲಗುತ್ತೀರಿ, ದಿಂಬಿಗೆ ಅಂಟುತ್ತದೆ, ಅದೇ ದಿಂಬಿನ ಮೇಲೆ ಬೆಕ್ಕು ಮಲಗುತ್ತದೆ. ಕೆಲವೇ ಹನಿ ಸಾಕು, ಹೃದಯಕ್ಕೆ ಪೆಟ್ಟು ಬಿದ್ದು ಶ್ವಾಸಕೋಶದ ಸುತ್ತ ನೀರು ತುಂಬಬಹುದು. ನಾಯಿಯ ಚಿಗಟಕ್ಕೆ ಕತ್ತಿನ ಮೇಲೆ ಬಿಡುವ ಪರ್ಮೆಥ್ರಿನ್ ಹನಿಗಳೂ ಬೆಕ್ಕಿಗೆ ಮಾರಕ. ನಡುಕ, ಆಮೇಲೆ ಫಿಟ್ಸ್. ‘ನಾಯಿ ದೊಡ್ಡದು, ಬೆಕ್ಕಿಗೆ ಅರ್ಧ ಹಾಕಿದರಾಯಿತು’ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಪ್ರಶ್ನೆ: ಬೆಕ್ಕಿನ ಮೈ ಬಿಸಿ ಇದೆ, ಊಟ ಬಿಟ್ಟಿದೆ. ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಡಬಹುದಾ?

ಉತ್ತರ: ಚೂರೂ ಬೇಡ. ಕಾಲು ಮಾತ್ರೆಯೂ ಅಪಾಯ, 500 ಮಿಲಿಗ್ರಾಂನ ಒಂದು ಮಾತ್ರೆ ಪ್ರಾಣವನ್ನೇ ತೆಗೆಯಬಹುದು. ರಕ್ತ ಆಮ್ಲಜನಕ ಹೊರುವುದನ್ನು ಬಿಡುತ್ತದೆ. ಒಸಡು ಕಂದು ಅಥವಾ ನೀಲಿಗೆ ತಿರುಗುತ್ತದೆ, ಮುಖ, ಪಾದ ಊದುತ್ತವೆ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಪಶುವೈದ್ಯರಿಗೆ ಹೇಳಿಬಿಡಿ. ಇದಕ್ಕೆ ಪ್ರತಿವಿಷ ಇದೆ. ಬೇಗ ಸಿಕ್ಕಷ್ಟೂ ಒಳ್ಳೆಯದು.

ಪ್ರಶ್ನೆ: ಏನೋ ವಿಷ ಹೋಗಿದೆ ಅನಿಸಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬಹುದಾ?

ಉತ್ತರ: ಮಾಡಿಸಬೇಡಿ. ಉಪ್ಪೇ ಬೆಕ್ಕಿಗೆ ಇನ್ನೊಂದು ವಿಷವಾಗುತ್ತದೆ. ವಾಂತಿ ಮಾಡಿಸಲೆಂದು ಕೆಲವರು ಕುಡಿಸುವ ಹೈಡ್ರೋಜನ್ ಪೆರಾಕ್ಸೈಡ್ ಹೊಟ್ಟೆಯ ಒಳಪದರವನ್ನು ಸುಡುತ್ತದೆ. ಹಾಲು ಕುಡಿಸಿದರೆ ವಿಷ ಇಳಿಯುತ್ತದೆ ಎನ್ನುವುದು ಸುಮ್ನೆ ಮಾತು. ಮೈಗೆ ಏನಾದರೂ ಅಂಟಿದ್ದರೆ ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚನೆ ನೀರಿನಲ್ಲಿ ತೊಳೆದು ಒರೆಸಿ, ಟವೆಲ್‌ನಲ್ಲಿ ಸುತ್ತಿ. ಮತ್ತೆ ನೆಕ್ಕಿಕೊಳ್ಳಲು ಬಿಡಬೇಡಿ. ನಡುಕ, ಫಿಟ್ಸ್ ಇದ್ದರೆ ತೊಳೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೊರಡಿ. ಬಾಟಲಿ, ಪ್ಯಾಕೆಟ್ ಅಥವಾ ಗಿಡದ ಎಲೆ ಜೊತೆಗಿರಲಿ. ಇಲಿಪಾಷಾಣ ತಿಂದಿದೆ ಎನ್ನುವ ಅನುಮಾನವಿದ್ದರೆ ಬೆಕ್ಕು ಚೆನ್ನಾಗಿಯೇ ಓಡಾಡುತ್ತಿದ್ದರೂ ಅದೇ ದಿನ ಹೋಗಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬಗೆಯ ಪಾಷಾಣದಲ್ಲಿ ಲಕ್ಷಣ ಕಾಣಲು 3ರಿಂದ 5 ದಿನ ಹಿಡಿಯಬಹುದು.